ಹಿಗ್ಗಬಾರದ ಮಚ್ಚೆ

"ಅಲ್ಲಮ್ಮ, ದೊಡ್ಡದಾಗ್ತಾ ಇದೆಯಲ್ಲ ಅದು?" ಎಂದರು ಆಯ್ಕೆ ಸಮಿತಿಯ ಅಧ್ಯಕ್ಷೆ, ಕನ್ನಡಕ ಮೇಲೆ ಸರಿಸಿ.

ಪರದೆಯ ಮೇಲಿನ ಹಸಿರು ಮಚ್ಚೆ ನಿಜಕ್ಕೂ ಹಿಗ್ಗುತ್ತಿತ್ತು. ಹಿಗ್ಗುವುದೇ ಇಲ್ಲ ಎಂದು ಅತಿಥಿ ಉಪನ್ಯಾಸಕಿ ಈಗಷ್ಟೇ ಬಾಯಾರೆ ಹೇಳಿದ್ದಳು. "ಲೋಲಕ ಎಲ್ಲಿದೆ, ಅದರ ಸಂವೇಗ ಎಷ್ಟು, ಇವೆರಡು ಗೊತ್ತಾದ್ರೆ ಅದರ ಜಾತಕವೇ ಗೊತ್ತಾದ ಹಾಗೆ. ಎರಡಕ್ಕೂ ಸೇರಿ ಒಂದು ಚುಕ್ಕೆ ಇಡೋಣ. ಬೇರೆ ಬೇರೆ ಥರ ಶುರುವಾದ ನೂರಾರು ಲೋಲಕಗಳ ಚುಕ್ಕೆ ಸೇರಿದ್ರೆ ಒಂದು ಮಚ್ಚೆ. ಹೊತ್ತು ಹೋದ ಹಾಗೆ ಅದು ಉದ್ದ ಆಗುತ್ತೆ, ಸೊಟ್ಟ ಆಗುತ್ತೆ, ವಿಸ್ತೀರ್ಣ ಮಾತ್ರ ಅಷ್ಟೇ ಇರುತ್ತೆ. ಹೀಗೆ ವಿಸ್ತೀರ್ಣ ಕಾಯೋ ಸಿಂಪ್ಲೆಕ್ಟಿಕ್ ಜ್ಯಾಮಿತಿಯ ಬೇರು ಇಲ್ಲಿದೆ."

ಬೇರು ಏನೋ ಸರಿ, ಈಗ ಬುಡವೇ ಅಲ್ಲಾಡುತ್ತಿತ್ತು. ಕಾಲು ಸುಟ್ಟ ಬೆಕ್ಕಿನಂತೆ ಅವಳು ಬೋರ್ಡಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಬೋರ್ಡಿಗೆ ಓಡಾಡಿದಳು. ಅತಿಥಿ ಎಂಬುದು ಹೆಸರಿಗಷ್ಟೇ. ಒಂಬತ್ತು ವರ್ಷದಿಂದ ಪ್ರತಿ ರಜೆಗೂ ಕೆಲಸ ಬಿಡಿಸಿ, ಮತ್ತೆ ಅರ್ಜಿ ಹಾಕಿಸುತ್ತಿದ್ದರು. ಮುಂದಿನ ತಿಂಗಳು ಕಾಯಂ ಹುದ್ದೆಯ ವಯೋಮಿತಿಯೂ ದಾಟುತ್ತಿತ್ತು. ಈ ಇಪ್ಪತ್ತು ನಿಮಿಷದ ಪಾಠವೇ ಕೊನೆಯ ಅವಕಾಶ.

ಪರದೆಯ ಮೇಲೆ ಓಡುತ್ತಿದ್ದ ಆ ಪ್ರೋಗ್ರಾಂ ಬರೆದವರು ಮೇಷ್ಟ್ರು. ಅವಳಿಗೆ ಪಾಠ ಹೇಳಿದವರು, ಈಗ ಸಮಿತಿಯ ಮೂವರಲ್ಲಿ ಒಬ್ಬರು. ಅವರು ತರಗತಿಯಲ್ಲಿ ಅದನ್ನು ಅರ್ಧ ನಿಮಿಷಕ್ಕೇ ನಿಲ್ಲಿಸುತ್ತಿದ್ದರು, ಅವಳೂ ಹಾಗೆಯೇ. ಇವತ್ತು ಗಾಬರಿಯಲ್ಲಿ ನಿಲ್ಲಿಸಲು ಮರೆತಿದ್ದಳು. ಮೊದಲ ಸಲ ಅದರ ಒಳಗನ್ನು ತೆರೆದು ಓದಿದಳು. ಎರಡೇ ಸಾಲು. ಪ್ರತಿ ಹೆಜ್ಜೆಯಲ್ಲೂ ಸ್ಥಾನ, ಸಂವೇಗ ಎರಡನ್ನೂ ಹಳೆಯ ಬೆಲೆಗಳಿಂದಲೇ ಲೆಕ್ಕ ಹಾಕಿತ್ತು. ತಪ್ಪು ಅಲ್ಲೇ ಇತ್ತು; ಹೆಜ್ಜೆಹೆಜ್ಜೆಗೂ ಮಚ್ಚೆ ಚೂರು ಚೂರೇ ಹಿಗ್ಗುತ್ತಿದ್ದುದು ಅದರಿಂದ, ಅರ್ಧ ನಿಮಿಷಕ್ಕೆ ಕಣ್ಣಿಗೆ ಬೀಳುವಷ್ಟಲ್ಲ.

"ಪ್ರೊಜೆಕ್ಟರ್ ಏನೋ ತೊಂದರೆ ಕೊಡ್ತಿದೆ, ಬಿಡಮ್ಮ. ಮುಂದೆ ಹೋಗು," ಎಂದರು ಮೇಷ್ಟ್ರು, ಮೆಲ್ಲಗೆ.

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಹೂಂ ಎಂದರೆ ಸಾಕು, ಮುಗಿಯಿತು. ಇಲ್ಲವೆಂದರೆ ಖಾತ್ರಿಯಿದ್ದ ಒಂದೇ ಮತವೂ ಕೈತಪ್ಪಬಹುದು.

"ಪ್ರೊಜೆಕ್ಟರ್ ಸರಿಯಾಗೇ ಇದೆ ಸಾರ್. ಲೆಕ್ಕ ತಪ್ಪಿದೆ."

"ಯಾರ ಲೆಕ್ಕ?" ಅಧ್ಯಕ್ಷೆ ಬಿಡಲಿಲ್ಲ.

"ತೆರೆದು ನೋಡದೆ ಒಂಬತ್ತು ವರ್ಷ ಪಾಠ ಮಾಡಿದ್ದು ನಾನು ಮೇಡಂ."

ಅವಳು ಸಾಲು ತಿದ್ದಿ, ಮೂಲೆಯಲ್ಲಿ ವಿಸ್ತೀರ್ಣದ ಅಂಕಿ ಕಾಣುವಂತೆ ಮಾಡಿ, ಮತ್ತೆ ಓಡಿಸಿದಳು. ಮಚ್ಚೆ ಉದ್ದವಾಯಿತು, ಬಳುಕಿತು. ಮೂಲೆಯ ಅಂಕಿ ಕದಲಲಿಲ್ಲ.

"ಅದನ್ನ ಬರೆದವನು ನಾನು," ಎಂದರು ಮೇಷ್ಟ್ರು, ಅಧ್ಯಕ್ಷೆಯತ್ತ ನೋಡದೆ. "ಇಪ್ಪತ್ತಾರು ವರ್ಷ ಆಯ್ತು."

ಅವರು ಪೆನ್ನಿನ ಮುಚ್ಚಳ ತೆಗೆದರು. ಅಂಕ ಹಾಕಬೇಕಿದ್ದ ಹಾಳೆಯನ್ನು ಮೇಷ್ಟ್ರು ಮಗುಚಿ, ಖಾಲಿ ಬದಿಯನ್ನು ಅಂಗೈಯಿಂದ ನೀವಿದರು.

"ಯಾವುದನ್ನ ಮೊದಲು ಲೆಕ್ಕ ಹಾಕಿದೆ?"

"ಮೊದಲು ಸಂವೇಗ ಸಾರ್. ಆಮೇಲೆ ಆ ಹೊಸ ಸಂವೇಗದಿಂದ ಸ್ಥಾನ."

"ಸ್ವಲ್ಪ ನಿಧಾನವಾಗಿ ಹೇಳು."

ಅವಳು ಇನ್ನೊಮ್ಮೆ ಹೇಳಿದಳು. ಅವರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಬರೆದು ಮುಗಿಯುವವರೆಗೆ ಅವಳು ಚಾಕ್‌ಪೀಸ್ ಹಿಡಿದು ಕಾದಳು.