ಹಾಕಿದವನೇ ತೆಗೀಬೇಕು

ಮನೆ ಕೊಂಡು ಮೂರು ದಿನವಾದರೂ ನಲ್ಲಿಯಲ್ಲಿ ತೊಟ್ಟು ನೀರಿಲ್ಲ. ಆರು ವರ್ಷ ಬೀಗ ಜಡಿದಿದ್ದ ಹಳೇ ಮನೆ, ಕರೆದ ತಕ್ಷಣ ಓಡಿ ಬರೋಕೆ ನೀರೇನು ನೆಂಟರೇ? ಮನೆ ಕೊಂಡವನು ಕರೆಂಟಿನ ಲೈನ್‌ಮ್ಯಾನ್. ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ, ಮತ್ತೆ ಮುಚ್ಚಿದ. ಬೇಸರ ಕೂಡ ಆಗಲಿಲ್ಲ. ಅವನಿಗೆ ಏನಾದರೂ ಅನ್ನಿಸಿ ವರ್ಷದ ಮೇಲಾಗಿತ್ತು.

ಅನ್ನಿಸಬೇಕಿತ್ತು, ಅದು ಬೇರೆ ಮಾತು. ಬಿಟ್ಟು ಹೋಗಿದ್ದ ಹೆಂಡತಿ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು: “ಭಾನುವಾರ ಹನ್ನೊಂದಕ್ಕೆ ಪುಟ್ಟೀನ ಕರ್ಕೊಂಡು ಬರ್ತೀನಿ. ನೀರು ಬರ್ತಿದ್ರೆ ವಾರಕ್ಕೆ ಮೂರು ದಿನ ನಿಮ್ಮ ಹತ್ರ ಇರ್ಲಿ. ಅದೂ ಆಗಿಲ್ಲ ಅಂದ್ರೆ ಸೋಮವಾರ ನಮ್ಮಮ್ಮನ ಊರಿಗೆ ಹೊರಡ್ತೀವಿ. ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ.”

“ಆಯ್ತು,” ಎಂದಿದ್ದ. ಎಂಟು ವರ್ಷದ ಮಗಳು ಕೈತಪ್ಪುವ ಮಾತಿಗೂ “ಆಯ್ತು”! ಇಂಥವನ ಜೊತೆ ಯಾರು ತಾನೇ ಸಂಸಾರ ಮಾಡುತ್ತಾರೆ, ನೀವೇ ಹೇಳಿ.

ಹಾಗಂತ ಕೈಕಟ್ಟಿ ಕೂತಿರಲಿಲ್ಲ, ಪಾಪ. ಪ್ಲಂಬರ್ ಮಾಮನನ್ನು ಕರೆಸಿದ್ದ. ಅರವತ್ತು ದಾಟಿದ ಮಾಮ ಬಾಯಿಬಡುಕ, ಆದರೆ ಕೆಲಸದಲ್ಲಿ ಗಟ್ಟಿಗ. ಎರಡು ದಿನದಲ್ಲಿ ಅಡುಗೆಮನೆಯ ಪೈಪು ಬದಲಾಯಿತು, ಬಚ್ಚಲಿನ ಗೋಡೆ ಒಡೆದದ್ದಾಯಿತು, ತಾರಸಿಯ ಟ್ಯಾಂಕು ತೊಳೆದದ್ದಾಯಿತು. ನೀರು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

ಭಾನುವಾರ ಹತ್ತೂವರೆಗೆ ಮಾಮನಿಗೆ ತಲೆ ಕೆಟ್ಟು, ಗೇಟಿನ ಪಕ್ಕದ ಗುಂಡಿಯ ಚಪ್ಪಡಿಯನ್ನು ತಾನೇ ಎತ್ತಿದ. ಒಳಗೆ ಬೀದಿಯಿಂದ ಮನೆಗೆ ಬರುವ ಪೈಪಿನ ವಾಲ್ವು. ಅದಕ್ಕೆ ತಂತಿಯಲ್ಲಿ ಬಿಗಿದ ತಗಡು, ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ‘ತೆಗೀಬೇಡಿ’.

“ಅಯ್ಯೋ ನಿನ್ನ! ಮುಚ್ಚೇ ಇದೆಯಲ್ಲೋ ಮಾರಾಯ! ಗೇಟಿನ ವಾಲ್ವು ನೋಡಿದ್ದೀನಿ ಅಂದ್ಯಲ್ಲ?”

“ನೋಡಿದ್ದೆ. ಚೀಟಿ ಇತ್ತು, ಮುಟ್ಟಲಿಲ್ಲ.”

“ಹುಲಿ ಏನಾದ್ರೂ ಕಟ್ಟಿದ್ರಾ ಅದಕ್ಕೆ?”

“ಹಾಕಿದವನೇ ತೆಗೀಬೇಕು ಮಾಮ.”

ಕರೆಂಟಿನ ಕೆಲಸದವರ ಕಟ್ಟುಪಾಡು ಅದು. ಕಂಬ ಹತ್ತುವವನು ಸ್ವಿಚ್ಚು ಆರಿಸಿ ತನ್ನ ಚೀಟಿ ಕಟ್ಟುತ್ತಾನೆ, ಇಳಿದ ಮೇಲೆ ತಾನೇ ಬಿಚ್ಚುತ್ತಾನೆ. ಅವನು ಸಿಗದಿದ್ದರೆ ಲೈನಿನುದ್ದಕ್ಕೂ ನಡೆದು, ಕಂಬ ಕಂಬಕ್ಕೂ ನಿಂತು “ಯಾರಾದ್ರೂ ಇದ್ದೀರಾ?” ಎಂದು ಕೂಗಿ ಬರಬೇಕು. ಹೋದ ವರ್ಷ, ಹದಿನಾಲ್ಕು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದ ಕುಳ್ಳ ಚೀಟಿ ಕಟ್ಟಿ ಕಂಬ ಹತ್ತಿದ್ದ. ಆಫೀಸಿನಿಂದ ಸಾಹೇಬರ ಫೋನು: “ಅವನು ಇಳಿದಾಯ್ತು, ಲೈನ್ ಕೊಡು.” ಇವನು ಚೀಟಿ ಬಿಚ್ಚಿ ಸ್ವಿಚ್ಚು ಹಾಕಿದ. ಕುಳ್ಳ ಇಳಿದಿರಲಿಲ್ಲ. ವಿಚಾರಣೆಯಲ್ಲಿ ತಪ್ಪು ಸಾಹೇಬರದ್ದೆಂದಾಯಿತು. ನಿನ್ನದೇನೂ ಇಲ್ಲ ಬಿಡೋ ಎಂದರು ಎಲ್ಲರೂ. ಇವನೂ ಬಿಟ್ಟ, ಮಾತನ್ನೇ ಬಿಟ್ಟ.

ಮಾಮನಿಗೆ ಇದೆಲ್ಲ ಗೊತ್ತಿಲ್ಲ. ಮನೆ ಮಾರಿದವನಿಗೆ ಫೋನು ಹಚ್ಚಿದ. ತಗಡು ಕಟ್ಟಿದ್ದು ಅವನ ಮಾವನಂತೆ. ಸತ್ತು ಐದು ವರ್ಷವಾಯಿತಂತೆ.

“ಕೇಳಿದ್ಯಾ? ಇನ್ನು ಅವರನ್ನ ಎಲ್ಲಿಂದ ಕರ್ಕೊಂಡು ಬರ್ಲಿ? ವಾಲ್ವಿನ ಕೀಲಿ ಹಾಕಿ ತಿರುಗಿಸ್ತೀನಿ, ಸರಿ ಆಚೆಗೆ.”

“ತಡಿ. ನಡೆದು ಬರ್ತೀನಿ.”

ಹನ್ನೊಂದಾಗುತ್ತಿತ್ತು. ಲೈನ್‌ಮ್ಯಾನ್ ಪೈಪಿನ ಜಾಡು ಹಿಡಿದು ಗೋಡೆಗುಂಟ ನಡೆದ. ಅಡುಗೆಮನೆಯಲ್ಲಿ ನಿಂತು, “ಲೈನ್ ಮೇಲೆ ಯಾರಾದ್ರೂ ಇದ್ದೀರಾ?” ಎಂದು ಕೂಗಿದ. ಬಚ್ಚಲಲ್ಲಿ ಕೂಗಿದ. ತಾರಸಿಗೆ ಹೋಗಿ ಟ್ಯಾಂಕಿನ ಹತ್ತಿರವೂ ಕೂಗಿದ. ಮಾಮ ಮೊದಲು ಕಿಸಕ್ಕನೆ ನಕ್ಕ. ಆಮೇಲೆ ಯಾಕೋ ನಗು ಬರಲಿಲ್ಲ.

ಅವನು ಕೆಳಗಿಳಿದು ಹಿತ್ತಲಿನ ನಲ್ಲಿಯ ಕಡೆ ಹೋದಾಗ, ಗೇಟಿನಲ್ಲಿ ತಾಯಿ ಮಗಳು ಬಂದರು. ಪುಟ್ಟಿ ಮುಂಬಾಗಿಲಿನಿಂದ ಒಳಗೆ ಓಡಿದಳು. ಹಿತ್ತಲಿನದೂ ಮುಗಿಸಿ ಗುಂಡಿಯ ಹತ್ತಿರ ಬಂದ ಅಪ್ಪ, ಕೊನೆಯ ಸಲ ಮನೆಯ ಕಡೆ ತಿರುಗಿ ಕೂಗಿದ: “ಯಾರಾದ್ರೂ ಇದ್ದೀರಾ?”

“ನಾನಿದ್ದೀನಿ ಅಪ್ಪಾ!”

ಮಾಮನ ಕೀಲಿ ವಾಲ್ವಿನ ಮೇಲಿತ್ತು. ಇವನು ಹಾರಿಬಿದ್ದು ಆ ಕೈ ಹಿಡಿದ. “ಮುಟ್ಟಬೇಡ! ಮಗು ಇದೆ, ಲೈನ್ ಮೇಲೆ ಮಗು ಇದೆ!”

“ಲೋ, ನೀರು ಕಣೋ ಇದು,” ಎಂದ ಮಾಮ ಮೆಲ್ಲಗೆ.

ಹೆಂಡತಿ ಬ್ಯಾಗು ಹಿಡಿದು ನಿಂತೇ ಇದ್ದಳು. ಅವನು ಮಾಮನ ಕೈ ಬಿಟ್ಟಿರಲಿಲ್ಲ. ವರ್ಷದಿಂದ ಅವನು ಹೀಗೆ ಕೂಗಿದ್ದನ್ನು ಅವಳು ನೋಡಿರಲಿಲ್ಲ.

“ಏನ್ರೀ ಇದು?”

“ಅವತ್ತು ನಾನು ಕೂಗ್ಲಿಲ್ಲ ಕಣೇ,” ಎಂದ. “ನಾಲ್ಕೇ ಕಂಬ ಇತ್ತು. ಬಿಸಿಲು ಅಂತ ನಡೀಲಿಲ್ಲ. ಕೂಗಿದ್ರೆ ಕುಳ್ಳ ಓ ಅಂತಿದ್ದ.”

“ಇಷ್ಟು ದಿನ ನನ್ನ ಹತ್ರ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?”

“ಹೇಳಿದ್ರೆ ನೀನು ಹೋಗ್ತೀಯ ಅಂದ್ಕೊಂಡೆ.”

“ಹೇಳ್ದೇ ಇದ್ದಿದ್ದಕ್ಕೇ ಹೋದೆ,” ಎಂದಳು. ಮಗಳ ಬಟ್ಟೆಯ ಬ್ಯಾಗನ್ನು ಒಳಗೆ ತೆಗೆದುಕೊಂಡು ಹೋಗಿ ಗೋಡೆಗೆ ಒರಗಿಸಿ ಬಂದಳು. ನಲ್ಲಿಯ ಕಡೆ ನೋಡಲೂ ಇಲ್ಲ.

ಮಹಡಿಯ ಕಿಟಕಿಯಲ್ಲಿ ಪುಟ್ಟಿಯ ತಲೆ ಕಾಣಿಸಿತು. ಅವಳಿಗೆ ಇದೊಂದು ಆಟ. “ಅಪ್ಪಾ, ಇನ್ನೊಂದ್ಸಲ ಕೇಳು!”

“ಯಾರಾದ್ರೂ ಇದ್ದೀರಾ?” ಎಂದ.

“ಇದ್ದೀನೀ!”

ಲೈನ್‌ಮ್ಯಾನ್ ಗುಂಡಿಯ ಪಕ್ಕದ ಮಣ್ಣಿನಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಪಕ್ಕದಲ್ಲಿ ಕೂತಳು. ಮಾಮ ಕೀಲಿಯನ್ನು ಬದಿಗಿಟ್ಟು, ಅವನ ಅಳು ಮುಗಿಯುವವರೆಗೆ ಕಾದ.