ನಿಂತ ಬಸ್ಸಿನ ಸ್ವರ

"ಇನ್ನೊಂದೇ ಬೋಲ್ಟು ಮೇಡಂ. ಟಾರ್ಚು ಸ್ವಲ್ಪ ಈ ಕಡೆ."

ಮೆಕ್ಯಾನಿಕ್ ಬಸ್ಸಿನ ಸೀಟಿನ ಕೆಳಗೆ ಅಂಗಾತ ಮಲಗಿ, ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಜಗ್ಗುತ್ತಿದ್ದ. ಕಾಲೇಜಿನ ಸಂಗೀತದ ಅಧ್ಯಾಪಕಿ ನಡುದಾರಿಯಲ್ಲಿ ಮಂಡಿಯೂರಿ ಟಾರ್ಚು ಹಿಡಿದಿದ್ದಳು. ಎಡಗಡೆಯ ಉಳಿದ ಸೀಟುಗಳನ್ನೆಲ್ಲ ಬಿಚ್ಚಿ ರಸ್ತೆಬದಿಗೆ ಇಳಿಸಿಯಾಗಿತ್ತು. ಯಾರಾದರೂ ಹೊತ್ತುಕೊಂಡು ಹೋದಾರೆಂದು ಅವಳು ಆಗಾಗ ಕಿಟಕಿಯಿಂದ ಇಣುಕುತ್ತಿದ್ದಳು. ಇಂಥ ಹೊತ್ತಿನಲ್ಲಿ ಇಂಥದ್ದಕ್ಕೆಲ್ಲ ಹೆದರುವುದು ಸಣ್ಣತನವೆಂದು ಅವಳಿಗೇ ಅನ್ನಿಸುತ್ತಿತ್ತು. ಆದರೂ ಇಣುಕುತ್ತಿದ್ದಳು.

"ಗುರು ಇದ್ದಿದ್ರೆ ಈಗ ನನ್ನ ಜನ್ಮ ಜಾಲಾಡ್ತಿದ್ದ," ಅಂದ ಮೆಕ್ಯಾನಿಕ್. "ನನ್ನ ಬಸ್ಸಿನ ಹಲ್ಲು ಕೀಳ್ತಿದೀಯಲ್ಲೋ ಕಟುಕ ಅಂತ."

"ಪೆಟ್ಟಿಗೆ ಹಿಡಿಸುತ್ತಾ?"

"ಹಿಡಿಸದೆ ಏನು? ಅವನೇನು ಆರಡಿ ಆಳಾ?"

ಬೋಲ್ಟು ಕಿರ್ರೆಂದು ಬಿಟ್ಟಿತು. ಅವನು ಎದ್ದು ಕೂತು ಅದನ್ನು ತಗಡಿನ ಡಬ್ಬಿಯೊಳಗೆ ಹಾಕಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ತುಕ್ಕು ಬಿತ್ತು," ಅಂದ. ಅವಳು ಹೌದೆಂಬಂತೆ ತಲೆಯಾಡಿಸಿ ಟಾರ್ಚು ಆರಿಸಿದಳು.

ಮೆಕ್ಯಾನಿಕ್ ಗುರು ಎಂದೂ ಉಳಿದವರೆಲ್ಲ ಡ್ರೈವರಣ್ಣ ಎಂದೂ ಕರೆಯುತ್ತಿದ್ದ ಆ ಮನುಷ್ಯ ಮೊನ್ನೆ ಸಂಜೆ ಕಾಲೇಜಿನ ಬಸ್ಸು ತೊಳೆದು, ಬಕೆಟ್ ಬೋರಲು ಹಾಕಿ, ಬಸ್ಸಿನ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಹೆಂಡತಿ ಕೇಳಿದ್ದು ಒಂದೇ ಮಾತು: "ಬೇರೆಯವರ ಗಾಡೀಲಿ ಅವರು ಒಂದು ದಿನ ನೆಮ್ಮದಿಯಾಗಿ ಕೂತವರಲ್ಲ. ಅವರ ಬಸ್ಸಲ್ಲೇ ಹೋಗಲಿ." ಪ್ರಿನ್ಸಿಪಾಲರು ಒಪ್ಪಿದ್ದರು.

ಇವತ್ತು ಸಂಜೆ ಕಾಲೇಜಿನ ಸಭಾಂಗಣದಲ್ಲಿ ವೃಂದಗಾನವಿರಬೇಕಿತ್ತು. ಎಲ್ಲವೂ ಹೊಸ ಹಾಡುಗಳು, ಅಧ್ಯಾಪಕಿಯೇ ವರ್ಷವಿಡೀ ಕೂತು ಕಟ್ಟಿದವು. ಬೆಳಿಗ್ಗೆ ಅವಳೇ ಹೋಗಿ ಬಾಗಿಲಿನ ಪೋಸ್ಟರಿನ ಮೇಲೆ 'ಮುಂದೂಡಲಾಗಿದೆ' ಎಂಬ ಚೀಟಿ ಅಂಟಿಸಿ ಬಂದಿದ್ದಳು. ಯಾವತ್ತಿಗೆ ಎಂದು ಬರೆಯಲು ಅವಳಿಗೆ ಕೈ ಬರಲಿಲ್ಲ.

ಮನೆಯ ಮುಂದಿನ ಕೋಣೆಯೇ ಡ್ರೈವರಣ್ಣನ ಹೆಂಡತಿಯ ಹೊಲಿಗೆಯಂಗಡಿ. ಮಿಷನ್ನನ್ನು ಗೋಡೆಗೆ ಸರಿಸಿ ಬಟ್ಟೆ ಮುಚ್ಚಿದ್ದರು. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಪೆಟ್ಟಿಗೆ. ಅದರೊಳಗೆ ಹೊಸ ಬಿಳಿ ಶರ್ಟು ತೊಟ್ಟ ಡ್ರೈವರಣ್ಣ. ಹಾಡುವ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಗೋಡೆಗಂಟಿ ನಿಂತರು. ಅವರು ಯಾರೆಂದು ಹೆಂಡತಿಗೆ ಹೇಳಬೇಕಾಗಲಿಲ್ಲ. ವೃಂದದ ಬಟ್ಟೆಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದವಳು.

"ನೀನು ಎಡಭುಜ ಇಳಿಜಾರಿರೋ ಹುಡುಗಿ ಅಲ್ವಾ? ಬಾ, ಕೂತ್ಕೋ," ಅಂದಳು. ಪಕ್ಕದ ಹುಡುಗನತ್ತ ತಿರುಗಿ, "ನೀನು ಹೋದ ವರ್ಷದಿಂದ ದಪ್ಪ ಆಗಿದೀಯಪ್ಪ, ಕಂಕುಳಲ್ಲಿ ಹಿಡೀತಿದೆ ನೋಡು."

ಮೂಲೆಯ ಕುರ್ಚಿಯಲ್ಲಿದ್ದ ಡ್ರೈವರಣ್ಣನ ಅಕ್ಕ ಕನ್ನಡಕ ಸರಿಮಾಡಿಕೊಂಡು ಅವರನ್ನೆಲ್ಲ ನೋಡಿದಳು. "ಇಷ್ಟೂ ಜನ ಹಾಡೋರಾ? ಇವರ ಮಧ್ಯೆ ನನ್ನ ತಮ್ಮ ಏನು ಮಾಡ್ತಿದ್ದ? ಚಿಕ್ಕವನಿದ್ದಾಗ ಅವನು ಬಾಯಿಬಿಟ್ರೆ ನಾಯಿ ಎದ್ದು ಆಚೆ ಮನೆಗೆ ಹೋಗ್ತಿತ್ತು."

ಯಾರೋ ಕಿಸಕ್ಕೆಂದರು, ಆಮೇಲೆ ಕೆಮ್ಮಿದರು. ಅಕ್ಕನೂ ನಕ್ಕಳು, ನಗುತ್ತಲೇ ಅತ್ತಳು. ಹೆಂಡತಿ ಮಾತ್ರ ನಗಲಿಲ್ಲ. ಅಧ್ಯಾಪಕಿಯ ಮೊಣಕೈ ಮುಟ್ಟಿ, "ಮೇಡಂ, ಒಳಗೆ ಬನ್ನಿ," ಅಂದಳು.

ಅಡುಗೆಮನೆಯಲ್ಲಿ ಇಬ್ಬರೇ. ಒಲೆ ಹಚ್ಚಿರಲಿಲ್ಲ.

"ಇವತ್ತು ಹಾಡು ಕೇಳೋಕೆ ಬರ್ತೀನಿ ಅಂತ ಅವರಿಗೆ ಹೇಳಿದ್ದೆ," ಅಂದಳು. "ಇಷ್ಟು ವರ್ಷದಲ್ಲಿ ಮೊದಲನೇ ಸಲ. ಇನ್ನೇನು ರಿಟೈರ್ ಆಗ್ತಾರೆ, ಈಗಲ್ದಿದ್ರೆ ಇನ್ಯಾವಾಗ ಅಂತ. ಆ ಶರ್ಟು ಇವತ್ತಿಗೇ ಹೊಲಿದಿದ್ದು. ಕೊನೇ ಗುಂಡಿ ಬೆಳಿಗ್ಗೆ ಹಾಕಿದೆ, ಅವರ ಮೈಮೇಲೇ."

ಅವಳ ತೋಳಿಗೆ ಸೂಜಿ ಚುಚ್ಚಿಯೇ ಇತ್ತು. ಅದರಿಂದ ಬಿಳಿ ದಾರ ಇಳಿಬಿದ್ದಿತ್ತು. ಹೇಳಬೇಕೋ ಬೇಡವೋ ತಿಳಿಯದೆ ಅಧ್ಯಾಪಕಿ ಅದನ್ನೇ ನೋಡಿದಳು.

"ಯಾಕೆ ಬರ್ತಿರ್ಲಿಲ್ಲ ಅಂತ ನೀವು ಯಾವತ್ತೂ ಕೇಳ್ಲಿಲ್ಲ."

"ಕೆಲಸ ಇರುತ್ತೆ ಅಂತ ಅಣ್ಣ ಹೇಳ್ತಿದ್ರು."

"ಅವರು ಹಾಗೇ ಹೇಳೋದು." ಅವಳು ತೊಳೆದಿದ್ದ ಲೋಟವನ್ನು ಮತ್ತೆ ತೊಳೆಯತೊಡಗಿದಳು. "ನಿಮ್ಮ ಗುಂಪಿಗೆ ಸೇರಿದ ದಿನ ಕುಣಿದಾಡ್ಕೊಂಡು ಬಂದ್ರು. ನಂಗೂ ಒಂಚೂರು ತೋರಿಸಿ ಅಂದೆ. ಅಲ್ಲೇ ಆ ಮೇಜಿನ ಪಕ್ಕ ನಿಂತು, ಕಣ್ಣುಮುಚ್ಚಿ ಹಾಡಿದ್ರು. ನಾನು ನಕ್ಕುಬಿಟ್ಟೆ ಮೇಡಂ. ಬಾಯಲ್ಲಿದ್ದ ಗುಂಡುಪಿನ್ನೆಲ್ಲ ಉದುರಿಹೋಯ್ತು, ಅಷ್ಟು ನಗು. ಅವರೂ ನಕ್ರು. ಕೂತ್ಕೊಂಡು ಪಿನ್ನೆಲ್ಲ ಆರಿಸಿಕೊಟ್ರು. ಆಮೇಲೆ ಈ ಮನೇಲಿ ಒಂದು ದಿನ ಬಾಯಿ ಬಿಡ್ಲಿಲ್ಲ. ಯಾವ ಮುಖ ಹೊತ್ಕೊಂಡು ನಾನು ಆ ಹಾಲ್‌ಗೆ ಬರ್ಲಿ?"

ನಲ್ಲಿ ನಿಲ್ಲಿಸಿದಳು.

"ಮಣ್ಣಿಗಿಡೋ ಮುಂಚೆ ನಂಗೆ ಒಂದ್ಸಲ ಕೇಳಬೇಕು. ಅವರಿಲ್ಲದಿದ್ರೂ ಪರವಾಗಿಲ್ಲ, ನೀವೆಲ್ಲ ಹಾಡಿ. ಅದರಲ್ಲಿ ಅವರು ಹಾಡ್ತಿದ್ದಿದ್ದು ಯಾವುದು ಅಂತ ತೋರಿಸಿದ್ರೆ ಸಾಕು. ಮಕ್ಕಳೆಲ್ಲ ಅಷ್ಟು ಹಚ್ಚಿಕೊಂಡಿದಾವೆ ಅಂದ್ರೆ, ಆಮೇಲೆ ಚೆನ್ನಾಗಿ ಕಲಿತಿರಬೇಕು, ಅಲ್ವಾ?"

"ಆಗಲಿ ಅಕ್ಕ," ಅಂದಳು ಅಧ್ಯಾಪಕಿ. ಹೆಂಡತಿಯ ಮುಖ ನೋಡದೆ, ಆ ಲೋಟವನ್ನು ತೆಗೆದು ಬೋರಲು ಹಾಕಿದಳು.

* * *

ಡ್ರೈವರಣ್ಣ ಗುಂಪಿಗೆ ಸೇರಿದ ಆ ದಿನ ರೈಲ್ವೆ ಗೇಟು ಹಾಕಿತ್ತು. ಪಕ್ಕದೂರಿನ ಸ್ಪರ್ಧೆಗೆ ಹೊರಟಿದ್ದ ಬಸ್ಸು ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಅಧ್ಯಾಪಕಿ ಆಗಿನ್ನೂ ಹೊಸಬಳು. ಸುಮ್ಮನೆ ಕೂತರೆ ಹೆದರಿಕೆಯಾಗುತ್ತದೆಂದು ವಿದ್ಯಾರ್ಥಿಗಳಿಂದ ಹಾಡಿಸುತ್ತಿದ್ದಳು. ಹಾಡು ಎಂದಿನಂತೆ ಅರ್ಧದಲ್ಲೇ ಇಳಿಯಬೇಕಿತ್ತು. ಶುರುವಾದ ಶ್ರುತಿಯಲ್ಲಿ ಮುಗಿದದ್ದೇ ಇಲ್ಲ ಅವರ ಹಾಡು. ಅಂದು ಮಾತ್ರ ಇಳಿಯಲಿಲ್ಲ.

ಅವಳು ಮುಂದಕ್ಕೆ ಬಂದು ನೋಡಿದಳು. ಡ್ರೈವರು ಸ್ಟೇರಿಂಗಿನ ಮೇಲೆ ಗಲ್ಲವಿಟ್ಟು, ಗೇಟನ್ನೇ ನೋಡುತ್ತಾ, ಇಂಜಿನ್ನಿನ ಜೊತೆ ಗುಂಯ್‌ಗುಡುತ್ತಿದ್ದ. ತಾನು ಹಾಗೆ ಮಾಡುತ್ತಿರುವುದು ಅವನಿಗೇ ಗೊತ್ತಿರಲಿಲ್ಲ.

"ನೀವು ಹಾಡ್ತೀರಾ?"

"ಅಯ್ಯೋ ಇಲ್ಲ ಮೇಡಂ," ಅಂದ, ಕದ್ದು ಸಿಕ್ಕಿಬಿದ್ದವನ ಹಾಗೆ. "ಬಸ್ಸಿನ ಜೊತೆ ಸುಮ್ನೆ."

ಅವನಿಗೆ ಬರುತ್ತಿದ್ದದ್ದು ಅದೊಂದೇ ಸ್ವರ. ಮೇಲಿನದು ಕಲಿಸಲು ಹೋದಳು, ಬರಲಿಲ್ಲ. ಕೆಳಗಿನದು ಅದಕ್ಕಿಂತ ಕಷ್ಟ. ಆದರೆ ಆ ಒಂದನ್ನು ಅವನು ಎಷ್ಟು ಹೊತ್ತು ಬೇಕಾದರೂ ಹಿಡಿಯುತ್ತಿದ್ದ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ಪಕ್ಕದವರಿಗೂ ತಿಳಿಯುತ್ತಿರಲಿಲ್ಲ. ಅವಳು ಅದರ ಮೇಲೆ ಒಂದು ಹಾಡು ಕಟ್ಟಿದಳು, ಆಮೇಲೆ ಇನ್ನೊಂದು. ನಿಮ್ಮ ಹಾಡುಗಳೆಲ್ಲ ಒಂದೇ ಮನೆಯ ಮಕ್ಕಳ ಹಾಗಿವೆಯಲ್ಲ ಎಂದು ಬೇರೆ ಕಾಲೇಜಿನವರು ಚುಚ್ಚಿದಾಗ ಸುಮ್ಮನೆ ನಕ್ಕಳು.

ಒಂದು ವರ್ಷ ಮಾತ್ರ ಯಡವಟ್ಟಾಯಿತು. ಕಾರ್ಯಕ್ರಮದ ಹಿಂದಿನ ದಿನದ ಅಭ್ಯಾಸದಲ್ಲಿ ಡ್ರೈವರಣ್ಣ ಎಂದಿನ ಜಾಗಕ್ಕಿಂತ ಮೇಲೆ ಹತ್ತಿ ನಿಂತ. ಎಷ್ಟು ತಿದ್ದಿದರೂ ಇಳಿಯಲಿಲ್ಲ. ಹುಡುಗಿಯರ ಕತ್ತಿನ ನರಗಳು ಉಬ್ಬಿ ಬಂದವು. ಕೊನೆಗೆ ಅವನೇ ತಲೆ ಕೆರೆದುಕೊಂಡು, "ಬಸ್ಸು ನಿನ್ನೆ ಸರ್ವೀಸಿಂದ ಬಂತು ಮೇಡಂ," ಅಂದ.

ಅವಳು ಶ್ರುತಿಕವೆ ಹಿಡಿದು ಡ್ರೈವರಣ್ಣನ ಜೊತೆ ಗ್ಯಾರೇಜಿಗೆ ಹೋದಳು. ಆ ಉಕ್ಕಿನ ಕವೆಯನ್ನು ಮಂಡಿಗೆ ತಟ್ಟಿ ಮೆಕ್ಯಾನಿಕ್‌ನ ಕಿವಿಗೆ ಹಿಡಿದು, ನಿಂತ ಬಸ್ಸಿನ ಇಂಜಿನ್ ಸದ್ದು ಇಷ್ಟಕ್ಕೆ ಇಳಿಯಬೇಕು ಎಂದಳು. ಅವನು ಅವಳನ್ನೂ ಡ್ರೈವರಣ್ಣನನ್ನೂ ಬಾರಿಬಾರಿ ನೋಡಿದ. "ಗುರು, ನಿಮ್ಮ ಕಾಲೇಜಲ್ಲಿ ಎಲ್ಲರೂ ಹೀಗೇನಾ?" ಎಂದು ಕೇಳಿ, ಇಂಜಿನ್ನಿನ ವೇಗ ತಗ್ಗಿಸುವ ಸ್ಕ್ರೂ ಸಡಿಲಿಸಿದ.

* * *

ಪೆಟ್ಟಿಗೆ ಬಸ್ಸಿನೊಳಗೆ ಸರಿಯಾಗಿ ಹಿಡಿಸಿತು. ಮೆಕ್ಯಾನಿಕ್ ಸ್ಟೇರಿಂಗಿಗೆ ಕೂತ. ಡ್ರೈವರಣ್ಣನ ಬೆನ್ನಿಗೆ ಸವೆದಿದ್ದ ದಿಂಬನ್ನು ತೆಗೆಯಲೋ ಬಿಡಲೋ ಎಂದು ನೋಡಿ, ಅದಕ್ಕೆ ಒರಗದೆ ನೆಟ್ಟಗೆ ಕೂತುಕೊಂಡ. ಬಲಗಡೆಯ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ಅಕ್ಕ. ವಿದ್ಯಾರ್ಥಿಗಳು ಪೆಟ್ಟಿಗೆಯ ಸುತ್ತ ಮೇಲಿನ ಕಂಬಿ ಹಿಡಿದು ನಿಂತರು.

ದಾರಿಯುದ್ದಕ್ಕೂ ಅಧ್ಯಾಪಕಿ ಲೆಕ್ಕ ಹಾಕುತ್ತಿದ್ದಳು. ದಪ್ಪ ದನಿಯ ಹುಡುಗನೊಬ್ಬ ಕೆಳಗಿನ ಸಾಲು ಚೆನ್ನಾಗಿ ಹಾಡುತ್ತಿದ್ದ. ಇದೇ ಅಣ್ಣನದು ಅಂದುಬಿಟ್ಟರೆ ಆಯಿತು. ಯಾರು ಬೇಡವೆನ್ನುತ್ತಾರೆ? ಇಷ್ಟು ವರ್ಷದ ಸಂಜೆಗಳನ್ನೆಲ್ಲ ಗಂಡ ಒಂದು ಗುಂಯ್ ಎನ್ನುವ ಸದ್ದಿಗಾಗಿ ಕಳೆದನೆಂದು ತಿಳಿದರೆ ಅವಳು ಏನಂದಾಳು? ಅಥವಾ, ದೇವರೇ, ಮತ್ತೆ ನಕ್ಕುಬಿಟ್ಟರೆ? ಪೆಟ್ಟಿಗೆಯ ಪಕ್ಕದಲ್ಲೇ, ಮಕ್ಕಳೆದುರಿಗೇ ನಕ್ಕುಬಿಟ್ಟರೆ?

ಸ್ಮಶಾನದ ಗೇಟು ಮುಚ್ಚಿತ್ತು. ಕಾವಲಿನವನು ಕಿಟಕಿಯ ಹತ್ತಿರ ಬಂದ. "ಒಳಗೆ ಇನ್ನೊಂದು ನಡೀತಿದೆ. ಅವರು ಹೊರಡಲಿ, ಆಮೇಲೆ ಬಿಡ್ತೀನಿ."

ಮೆಕ್ಯಾನಿಕ್ ಮರ್ಯಾದೆಗೆಂದು ಇಂಜಿನ್ ಆರಿಸಿದ. ಬಸ್ಸಿನೊಳಗೆ ಎಲ್ಲರ ಉಸಿರೂ ಕೇಳಿಸುವಂತಾಯಿತು.

"ಈಗ ಹಾಡಿ ಮೇಡಂ," ಅಂದಳು ಹೆಂಡತಿ.

ಅಧ್ಯಾಪಕಿ ಶ್ರುತಿಕವೆ ತಟ್ಟಿ ಸ್ವರ ಕೊಟ್ಟು ಕೈಯೆತ್ತಿದಳು. ಹೊಸ ಹಾಡುಗಳಲ್ಲಿ ಮೊದಲನೆಯದು ಶುರುವಾಯಿತು. ಎರಡು ಸಾಲು ನಿಂತಿತು. ಮೂರನೆಯದರಲ್ಲಿ ಹುಡುಗಿಯರು ಒಂದು ಕಡೆ ಇಳಿದರು, ಹುಡುಗರು ಇನ್ನೊಂದು ಕಡೆ. ದಪ್ಪ ದನಿಯವನು ಹಿಡಿಯಲು ನೋಡಿದ, ಅವನಿಗೂ ಉಸಿರು ಸಾಲಲಿಲ್ಲ. ಎಡಭುಜ ಇಳಿಜಾರಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ಹಾಡು ಅಲ್ಲಿಗೆ ಕುಸಿಯಿತು.

ಹೆಂಡತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಇದರಲ್ಲಿ ಇವರದ್ದು ಯಾವುದು?"

ದಪ್ಪ ದನಿಯ ಹುಡುಗ ಅಧ್ಯಾಪಕಿಯತ್ತ ತಿರುಗಿದ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಇದರಲ್ಲಿ ಇಲ್ಲ ಅಕ್ಕ," ಅಂದಳು. "ಅದು ಇಲ್ಲ ಅಂತಲೇ ಹೀಗಾಯ್ತು. ಅಣ್ಣ ಹಾಡ್ತಿದ್ದಿದ್ದು ಒಂದೇ ಸ್ವರ. ಮೊದಲಿಂದ ಕೊನೇವರೆಗೂ ಅದೊಂದೇ. ಅದರ ಮೇಲೆ ಇವರೆಲ್ಲ ನಿಲ್ತಿದ್ರು. ನಾನು ಕಟ್ಟಿದ್ದೆಲ್ಲ ಅದರ ಮೇಲೇ."

"ಒಂದೇ?"

"ಒಂದೇ ಅಕ್ಕ."

"ಆವತ್ತು ನಂಗೆ ತೋರಿಸಿದ್ರಲ್ಲ, ಅದೇನಾ? ಬಾಯಿ ಮುಚ್ಕೊಂಡು, ಹೂಂ ಅಂತ?"

"ಅದೇ."

ಅಕ್ಕ ಮೂಗೊರೆಸಿಕೊಳ್ಳುವುದನ್ನೂ ನಿಲ್ಲಿಸಿದಳು. ಹೆಂಡತಿಯ ತುಟಿಯಂಚು ಕಂಪಿಸುವುದನ್ನು ಅಧ್ಯಾಪಕಿ ನೋಡಿದಳು.

"ನಾನು ಏನಂದಿದ್ದೆ ಗೊತ್ತಾ ಮೇಡಂ?" ಅಂದಳು ಹೆಂಡತಿ ನಿಧಾನವಾಗಿ. "ರೀ, ಬಸ್ಸು ಆಫ್ ಮಾಡದೆ ಬಂದಿದೀರಾ, ಅಂದಿದ್ದೆ. ಅದಕ್ಕೇ ನಕ್ಕಿದ್ದು ನಾನು."

ಆಮೇಲೆ ಮುಂದಕ್ಕೆ ಬಾಗಿ ಡ್ರೈವರ್ ಸೀಟಿನ ಕಂಬಿ ಹಿಡಿದಳು.

"ಏನಪ್ಪಾ, ಇಂಜಿನ್ ಹಾಕು."

"ಗೇಟು ಇನ್ನೂ ತೆಗೆದಿಲ್ಲ ಅತ್ತಿಗೆ."

"ಹೋಗೋದಕ್ಕಲ್ಲ. ಸುಮ್ನೆ ಹಾಕು."

ಮೆಕ್ಯಾನಿಕ್ ಕನ್ನಡಿಯಲ್ಲಿ ಅಧ್ಯಾಪಕಿಯ ಮುಖ ನೋಡಿದ. "ಆ ಸ್ಕ್ರೂನ ಆವತ್ತಿಂದ ಮುಟ್ಟಿಲ್ಲ ಮೇಡಂ," ಅಂದ. "ಗುರು ಆಣೆ ಮಾಡಿಸಿಕೊಂಡಿದ್ದ." ಬೀಗದ ಕೈ ತಿರುಗಿಸಿದ.

ಇಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ತನ್ನ ಜಾಗಕ್ಕೆ ಬಂದು ಕೂತಿತು. ಸ್ವರ ಮೊದಲು ಕಾಲಿಗೆ ತಿಳಿಯಿತು, ಆಮೇಲೆ ಕಿವಿಗೆ. ಕಿಟಕಿಯ ಗಾಜುಗಳು ಸಣ್ಣಗೆ ನಡುಗಿದವು. ಸೀಟಿನಡಿಯ ತಗಡಿನ ಡಬ್ಬಿಯಲ್ಲಿ ಬೋಲ್ಟುಗಳು ಕಿಣಿಗುಟ್ಟಿದವು. ಅಧ್ಯಾಪಕಿ ಕೈಯೆತ್ತುವ ಮೊದಲೇ ಹುಡುಗಿಯರು ಹಿಡಿದುಕೊಂಡರು, ಹಿಂದೆಯೇ ಹುಡುಗರು. ಮೂರನೆಯ ಸಾಲು ಬಂತು, ನಿಂತಿತು. ಹಾಡು ಬಸ್ಸಿನ ಚಾವಣಿಯನ್ನು ಮುಟ್ಟಿ ಮರಳಿ ಅದೇ ಸ್ವರಕ್ಕೆ ಇಳಿಯಿತು, ಮತ್ತೆ ಎದ್ದಿತು.

ಕಾವಲಿನವನು ಗೇಟಿನ ಎರಡೂ ಬಾಗಿಲು ತೆರೆದು ಬನ್ನಿರೆಂದು ಕೈಬೀಸಿದ. ಸ್ವಲ್ಪ ಕಾದು ಮತ್ತೆ ಬೀಸಿದ. ಮೆಕ್ಯಾನಿಕ್ ಗೇರಿನ ಮೇಲಿಟ್ಟ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಹೆಂಡತಿ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತಿದ್ದಳು. ಅವಳ ತೋಳಿನ ಸೂಜಿಯಿಂದ ಇಳಿಬಿದ್ದ ಬಿಳಿ ದಾರ, ಗಾಳಿಯೇ ಇಲ್ಲದ ಬಸ್ಸಿನೊಳಗೆ, ಒಂದೇ ಸಮನೆ ಕಂಪಿಸುತ್ತಿತ್ತು.