ಮುನವಳ್ಳಿಯವರ ಕಣ್ಣಾಗಿದ್ದೆ

ಉಸುಕು ಬೆಂಕಿಗೆ ಬಿದ್ದು ಗಾಜಾಗುತ್ತದೆ, ಗಾಜು ಸಾಣೆಗೆ ಸವೆದು ಕಣ್ಣಾಗುತ್ತದೆ. ಹಾಗೆ ಸವೆದ ಕಣ್ಣುಗಳನ್ನು ಹಿತ್ತಾಳೆಯ ಎರಡು ಕೊಳವೆಗಳಲ್ಲಿ ಕೂಡಿಸಿದಾಗ ನಾನು ಹುಟ್ಟಿದೆ. ನಾನೊಂದು ದುರ್ಬೀನು. ದೂರದ್ದನ್ನು ಹತ್ತಿರ ತರುವುದು ನನ್ನ ಕಾಯಕ. ಕಂಡದ್ದನ್ನು ಆಡುವ ಬಾಯಿಯನ್ನು ಮಾತ್ರ ಯಾರೂ ಕೂಡಿಸಲಿಲ್ಲ.

ಮೊದಲು ಸೈನ್ಯದ ಸುಬೇದಾರರೊಬ್ಬರ ಕೊರಳಲ್ಲಿದ್ದೆ. ಹಿಮದ ಗುಡ್ಡದಾಚೆ ಯಾರಾದರೂ ಅಲುಗಾಡುತ್ತಾರೆಯೇ ಎಂದು ದಿನವೆಲ್ಲ ನೋಡುವುದು. ಅವರು ನಿವೃತ್ತರಾಗಿ ಗದಗಿಗೆ ಬಂದ ಮೇಲೆ ನನ್ನನ್ನು ಗೆಳೆಯ ಅಡಿವೆಪ್ಪ ಮುನವಳ್ಳಿಯವರ ಕೈಗಿಟ್ಟರು. "ವೈರಿನ್ನ ನೋಡಿದ್ದು ಸಾಕಾತು. ಇನ್ನ ನೀ ಆಟಾ ನೋಡು," ಅಂದರು.

ಮುನವಳ್ಳಿಯವರು ಪತ್ರಿಕೆಗೆ ಆಟದ ವರದಿ ಬರೆಯುವವರು. ಅವರ ವರದಿ ಓದಿ ಹೇಳಿದರೆ ಕುರುಡನಿಗೂ ಚೆಂಡು ಕಾಣುತ್ತದೆ ಎನ್ನುತ್ತಿದ್ದರು ಜನ. ಬರವಣಿಗೆ ಜೇನುತುಪ್ಪ, ಮನುಷ್ಯ ಮಾತ್ರ ಜೇನುಹುಳ. ಸಂಘಟಕರು ಹಾರ ತಂದರೆ "ಎತ್ತಿಗೆ ಹಾಕ್ರಿ" ಎನ್ನುವರು. ಪೆಂಡಾಲಿನ ಕುರ್ಚಿ ಬಿಟ್ಟು ಬೇವಿನ ಗಿಡದ ಬುಡದಲ್ಲಿ ನಿಲ್ಲುವರು. ಕಚೇರಿಯಲ್ಲಿ ಅವರ ಒಂದು ಸಾಲು ಕತ್ತರಿಸಿದರೂ ಮರುದಿನ ಅಲ್ಲಿ ರಣರಂಗ.

ಆಟ ಶುರುವಾಗುವ ಮುನ್ನ ಧೋತರದ ಚುಂಗಿನಿಂದ ನನ್ನ ಗಾಜು ಒರೆಸಿ, ಹಣೆಗೆ ಮುಟ್ಟಿಸಿ, "ತಂದೇ, ಇದ್ದದ್ದನ್ನ ತೋರಸು" ಎನ್ನುವರು. ಅಷ್ಟೇ ಅವರ ಪೂಜೆ.

ಬೆಟಗೇರಿಯ ನೇಕಾರರ ಹುಡುಗರದೊಂದು ಹಾಕಿ ತಂಡವಿತ್ತು. ಮನೆಮನೆಯಲ್ಲೂ ಮಗ್ಗ, ತಂಡಕ್ಕೆ ಮಾತ್ರ ಹನ್ನೊಂದೇ ಅಂಗಿ. ಹೊರಬಂದವನು ತನ್ನ ಬೆವರಿನ ಅಂಗಿ ಬಿಚ್ಚಿ ಒಳಹೋಗುವವನಿಗೆ ತೊಡಿಸುವುದು ಅಲ್ಲಿನ ರೂಢಿ. ಅದಕ್ಕೇ ಮುನವಳ್ಳಿಯವರು ಬೆನ್ನ ಮೇಲಿನ ಅಂಕಿಯನ್ನು ನೋಡುತ್ತಲೇ ಇರಲಿಲ್ಲ. "ಅಂಗಿ ಆಡ್ತದೇನ್ರಲೇ? ಕಾಲು ನೋಡ್ರಿ. ಮನಷ್ಯಾನ ನಡಿಗಿ ಸುಳ್ಳಾಡೂದಿಲ್ಲ," ಎಂದು ಹೊಸ ವರದಿಗಾರರಿಗೆ ಬೈಯುವರು.

ಬರಬರುತ್ತ ಅವರ ಕಣ್ಣಿಗೆ ಪೊರೆ ಬಂತು. ಹೆಂಡತಿ ಗೌರವ್ವನಿಗಿಂತ ಮೊದಲು ತಿಳಿದದ್ದು ನನಗೆ. ನನ್ನ ತಿರುಪನ್ನು ಅತ್ತ ತಿರುವಿ, ಇತ್ತ ತಿರುವಿ, "ಹಾಳಾದ ಗಾಜು" ಎಂದು ನನ್ನನ್ನೇ ಬೈಯುವರು. ನನ್ನೊಳಗೆ ಮೈದಾನ ತೊಳೆದಿಟ್ಟಷ್ಟು ನಿಚ್ಚಳ. ಅದನ್ನು ಅವರಿಗೆ ದಾಟಿಸುವ ಬಾಗಿಲೇ ಮುಚ್ಚಿತ್ತು. ಈಚೆ ನಾನು ಸಿಕ್ಕಿಕೊಂಡಿದ್ದೆ, ಆಚೆ ಅವರು.

"ದವಾಖಾನಿಗೆ ಹೋಗೂಣು ನಡೀರಿ," ಎಂದಳು ಗೌರವ್ವ.

"ಕಣ್ಣಿಗೆ ಪಟ್ಟಿ ಕಟ್ಟಕೊಂಡು ಕುಂತರ, ಮುನವಳ್ಳಿ ಕುರುಡ ಆದ ಅಂತ ನನ್ನ ಕುರ್ಚಿಗೆ ಮತ್ತೊಬ್ಬನ್ನ ಕೂಡಸ್ತಾರ. ಸುಮ್ಮನಿರು."

ಆ ವರ್ಷದ ಕೊನೆಯ ಪಂದ್ಯದಲ್ಲಿ ಮೌಲಾಸಾಬ ಕಾಲು ಉಳುಕಿ ಹೊರಬಂದ. ಅವನ ಅಂಗಿ ತೊಟ್ಟು ಫಕೀರಪ್ಪ ಒಳಹೋದ. ಎಡಗಾಲನ್ನು ತುಸು ಹೊರಳಿಸಿ ಇಡುವವನು ಫಕೀರಪ್ಪ. ಚೆಂಡನ್ನು ಕೋಲಿಗೆ ಅಂಟಿಸಿಕೊಂಡವನಂತೆ ಎಲ್ಲರನ್ನೂ ದಾಟಿ ಗೋಲು ಹೊಡೆದ. ನಾನು ಕಂಡೆ. ಮುನವಳ್ಳಿಯವರಿಗೆ ಕಂಡದ್ದು ಬೆನ್ನ ಮೇಲಿನ ದೊಡ್ಡ ಬಿಳಿ ಅಂಕಿ. ಜನ್ಮದಲ್ಲಿ ಮೊದಲ ಸಲ ಅವರು ಅಂಕಿಯನ್ನು ನಂಬಿದರು.

ಮರುದಿನದ ಪತ್ರಿಕೆಯಲ್ಲಿ ಗೋಲು ಮೌಲಾಸಾಬನದಾಯಿತು. ಅದನ್ನೋದಿ ದೊಡ್ಡ ತಂಡವೊಂದು ಅವನನ್ನು ಕರೆಯಿತು.

ಮೌಲಾಸಾಬ ಕುಂಟುತ್ತ ಮನೆಗೆ ಬಂದ, ಜೊತೆಗೆ ಫಕೀರಪ್ಪ. "ಕಾಕಾ, ಗೋಲ್ ಹೊಡದಾಂವ ಇಂವ. ನಾ ಆವಾಗ ಹೊರಗ ಕುಂತು ಕಾಲಿಗೆ ಬರ್ಫ ಹಚ್ಚಕೋತಿದ್ದೆ."

"ನನಗ ಆಟಾ ಕಲಸ್ತೀಯೇನಲೇ?"

"ನಾ ಏನ್ ಕಲಸಲಿ ಕಾಕಾ? ಸುಮ್ಮನಿದ್ರ ನನಗ ಲಾಭ. ಆದ್ರ ಇವನ ಅನ್ನಾ ನಾ ಹೆಂಗ ಉಣ್ಣಲಿ?"

ಮುನವಳ್ಳಿಯವರು ನನ್ನನ್ನು ಹಿಡಿದು ಕಟ್ಟೆಗೆ ಬಂದರು. "ಇಬ್ಬರೂ ಓಣಿ ತುದಿತನಕ ನಡದು ಹೋಗ್ರಿ," ಎಂದರು. ನನ್ನನ್ನು ಕಣ್ಣಿಗೆ ಒತ್ತಿ ಹಿಡಿದರು. ರೆಪ್ಪೆಯ ತೇವ ನನಗೆ ತಾಗಿತು. ಕುಂಟುವವನು ಯಾರು, ಕುಂಟದವನು ಯಾರು ಎಂಬುದೂ ಅವರಿಗೆ ತಿಳಿಯಲಿಲ್ಲ.

ಅಂದೇ ಕಚೇರಿಗೆ ಹೋಗಿ ಬರೆದುಕೊಟ್ಟರು: "ಗೋಲು ಫಕೀರಪ್ಪನದು. ನಾನು ಆಟ ನೋಡಲಿಲ್ಲ, ಅಂಗಿ ನೋಡಿದೆ. ನನ್ನ ಕಣ್ಣು ಹೋಗಿದೆ."

"ಕಡೇ ಸಾಲು ಬ್ಯಾಡ್ರಿ. ಸಣ್ಣ ತಿದ್ದುಪಡಿ ಹಾಕಿದ್ರ ಸಾಕು," ಎಂದರು ಸಂಪಾದಕರು.

"ಒಂದ ಸಾಲು ತಗದು ನೋಡ್ರಿ!" ಎಂದು ಮುನವಳ್ಳಿಯವರು ಮೇಜು ಗುದ್ದಿದರು. ಆ ಕಚೇರಿಯಲ್ಲಿ ಅದೇ ಅವರ ಕಡೆಯ ಜಗಳ. ಮೂರೂ ಸಾಲು ಅಚ್ಚಾದವು. ಫಕೀರಪ್ಪನಿಗೆ ಕರೆ ಬಂತು, ಮುನವಳ್ಳಿಯವರ ಕುರ್ಚಿ ಮತ್ತೊಬ್ಬರಿಗೆ ಹೋಯಿತು. ಆಮೇಲೆ ದವಾಖಾನೆಗೂ ಹೋದರು. ಪೊರೆ ಬಲಿತು ಕಣ್ಣಿನ ನರವನ್ನೇ ಕೆಡಿಸಿತ್ತು, ಕೈಮೀರಿತ್ತು.

ಅವರು ಲಿಂಗೈಕ್ಯರಾದ ಮೇಲೆ ಕಚೇರಿಯವರು ನನ್ನನ್ನು ತಂದು ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿಟ್ಟಿದ್ದಾರೆ. ಕೆಳಗೆ 'ಹದ್ದಿನ ಕಣ್ಣು' ಎಂಬ ಫಲಕ. ನನ್ನ ಮುಖ ಗೋಡೆಗಿದೆ. ದುರ್ಬೀನಿಗೆ ಹತ್ತಿರದ್ದು ಕಾಣದು. ಹಗಲೆಲ್ಲ ಎದುರಿಗೆ ಒಂದೇ ಬೆಳ್ಳನೆಯ ಮಂಜು. ಅವರು ಕಡೆಗಾಲದಲ್ಲಿ ಕಂಡದ್ದು ಇದನ್ನೇ ಇರಬೇಕು.

ಮೊನ್ನೆ ಯಾರೋ ಬಂದು ಕಪಾಟಿನ ಮುಂದೆ ನಿಂತರು.

"ಇದರ ಮಾರಿ ಗ್ವಾಡಿಗೆ ಯಾಕ ಮಾಡೀರಿ? ಕಿಡಕಿ ಕಡೆ ತಿರಗಸ್ರೆಪ್ಪಾ."

"ಕೀಲಿ ಸಾಹೇಬ್ರ ಕಡೆ ಐತ್ರೀ," ಎಂದ ಕಾವಲುಗಾರ.

ಬಂದವರು ಕಪಾಟಿಗೆ ಹಣೆ ಹಚ್ಚಿದರು. ಗಾಜು ಮೆಲ್ಲಗೆ ಸದ್ದು ಮಾಡಿತು. ನನಗೆ ಹೊರಳಲಾಗಲಿಲ್ಲ. ತಂದೇ, ಇದ್ದದ್ದನ್ನು ತೋರಿಸು ಎಂದುಕೊಂಡೆ. ಅವರು ಹೊರಟರು. ಫರ್ಶಿ ಕಲ್ಲಿನ ನೆಲದ ಮೇಲೆ ಸರಿಯುವ ಹೆಜ್ಜೆಗಳ ಸದ್ದು ಕೇಳಿತು: ಬಲಗಾಲು ನೇರ, ಎಡಗಾಲು ತುಸು ಹೊರಳಿ.